ಐದನೇ ಕೊಡದ ಹೆಸರು

ಅಕ್ಟೋಬರ್ 5, ಭಾನುವಾರ

ಈ ಡೈರಿ ಹಾಲಿನ ಸೊಸೈಟಿಯವರು ಕೊಟ್ಟದ್ದು. ಅಮ್ಮನಿಗೆ ಲಕ್ವ ಹೊಡೆದ ಮೇಲೆ, ದಿನಾ ಯಾವ ಮಾತ್ರೆ ನುಂಗಿದಳು, ಯಾವ ಹೊಸ ಮಾತು ಆಡಿದಳು ಎಂದು ಬರೆದಿಡಿ ಅಂತ ಡಾಕ್ಟರು ಹೇಳಿದ್ದರು. ಐದು ತಿಂಗಳಿಂದ ಬರೆಯುತ್ತಿದ್ದೇನೆ. ಮಾತ್ರೆ ಬದಲಾಗಿದೆ, ಮಾತು ಬದಲಾಗಿಲ್ಲ. "ಅದು." ನೀರು ಬೇಕಾದರೂ ಅದು, ಬಚ್ಚಲಿಗೆ ಹೋಗಬೇಕಾದರೂ ಅದು, ಎಮ್ಮೆ ಹಗ್ಗ ಬಿಚ್ಚಿಕೊಂಡು ಓಡಿದರೂ ಅದು. ಹತ್ತೂರಿನ ಮದುವೆಗಳಲ್ಲಿ ಪದ ಹೇಳಿದ ನರಸಮ್ಮನ ಬಾಯಲ್ಲಿ ಈಗ ಇರುವುದು ಅದೊಂದೇ ಮಾತು. ಇವತ್ತು ಬೇರೇನೋ ನಡೆಯಿತು, ಅದಕ್ಕೇ ಉದ್ದ ಬರೆಯುತ್ತಿದ್ದೇನೆ. ಓದುವವರು ಯಾರೂ ಇಲ್ಲ, ಬೈಗುಳ ಬರೆದರೂ ನಡೆಯುತ್ತದೆ.

ಮಗಳು ನವ್ಯಳ ಮದುವೆ ನವೆಂಬರ್ ಮೂವತ್ತಕ್ಕೆ. ಗಂಡು ಬಂಗಾರಪೇಟೆಯ ಬಾಲಾಜಿ, ರೈಲ್ವೆಯಲ್ಲಿ ಕೆಲಸ. ಮದುವೆಗೆ ಮುಂಚೆಯೇ ಗಂಡು ಹೆಣ್ಣು ಕುಣಿದು ಒಂದು ಹಾಡು ತೆಗೆಸಿಕೊಳ್ಳಬೇಕಂತೆ, ಈಗ ಅದೂ ಒಂದು ಶಾಸ್ತ್ರ. ಹೋದ ವಾರ ಕೆಜಿಎಫ್‌ನ ಚಿನ್ನದ ಗಣಿಯವರು ಸುರಿದ ಸೈನೈಡ್ ದಿಬ್ಬ ಹತ್ತಿ, ಬೂದಿ ಬಣ್ಣದ ಮಣ್ಣಿನಲ್ಲಿ ಬಿಳಿ ಗೌನು ಎಳೆದಾಡಿಕೊಂಡು ಬಂದಳು. ಆ ಹಾಡಿನ ಮುಂದೆ "ಅಪ್ಪ ಅಮ್ಮನ ಕಾಲದಲ್ಲಿ" ಎಂದು ನಮ್ಮ ಮದುವೆಯ ವಿಡಿಯೋದ ಒಂದು ತುಂಡು ಸೇರಿಸಿ ಇವತ್ತು ಫೋನಿನಲ್ಲಿ ಹಾಕಿದ್ದಳು. ಹಾಕಿ ಹತ್ತು ನಿಮಿಷಕ್ಕೆ ಸದ್ದೇ ಹೋಯಿತು.

"ಇದ್ಯಾಕೆ ಮೂಗಿ ಆಯ್ತು?" ಅಂದೆ.

"ನಿಮ್ಮ ವಿಡಿಯೋದಾಗೆ ಸಿನಿಮಾ ಹಾಡು ಐತಲ್ಲಮ್ಮ. ಅದರ ಹಕ್ಕು ಯಾವುದೋ ಕಂಪ್ನೀದು. ಅದಕ್ಕೆ ಮ್ಯೂಟ್ ಮಾಡವ್ರೆ."

ನನ್ನ ಮದುವೆಗೆ ಯಾವನದೋ ಹಕ್ಕು! ಬೈಯಬೇಕೆಂದು ಬಾಯಿ ತೆರೆದವಳು ಹಾಗೇ ನಿಂತೆ. ಫೋನಿನಲ್ಲಿ ನಾನು ಅರಿಶಿನ ಮೆತ್ತಿಕೊಂಡು ಮಣೆಯ ಮೇಲೆ ಕೂತಿದ್ದೇನೆ, ಎತ್ತಿಕೊಡಲು ಐದು ಜನ ಹೆಂಗಸರು ಕೊಡ ಹಿಡಿದಿದ್ದಾರೆ, ಮುಂದೆ ನಿಂತ ಅಮ್ಮನ ಬಾಯಿ ಆಡುತ್ತಿದೆ. ಆ ವಿಡಿಯೋ ನೂರು ಸಲ ನೋಡಿದ್ದೇನೆ. ಅಮ್ಮ ಹಾಡುತ್ತಿರುವುದು ಒಂದು ಸಲವೂ ಕಂಡಿರಲಿಲ್ಲ. ಸದ್ದು ಹೋದ ಮೇಲೆ ಕಂಡಿತು.

ಪಕ್ಕದ ಮಂಚದಿಂದ ಅಮ್ಮನೂ ಇಣುಕಿ ನೋಡುತ್ತಿದ್ದಳು. "ಅದು," ಅಂದಳು.

ಅಕ್ಟೋಬರ್ 7

ಇವತ್ತು ಬೀರುವಿನಿಂದ ಸಿಡಿ ತೆಗೆದು ಹಾಕಿ ನೋಡಿದೆ. ನೀರಿನ ಶಾಸ್ತ್ರದ ಮೇಲೆ ಮಳೆಯಲ್ಲಿ ಕುಣಿಯುವ ಸಿನಿಮಾ ಹಾಡು! ನೀರು ಕಂಡ ಕೂಡಲೇ ಮಳೆ ಹಾಡು ಹಾಕಿದ್ದಾನೆ, ಮಹಾ ಬುದ್ಧಿವಂತ. ಕೆಜಿಎಫ್ ಪಕ್ಕದ ಕೋರಮಂಡಲ್‌ನ ಮುನೀಂದ್ರ ಎಂಬ ವಿಡಿಯೋದವನ ಕೈವಾಡ ಇದು. ಇಪ್ಪತ್ತೇಳು ವರ್ಷದಿಂದ ಅವನನ್ನು ಬೈಯುತ್ತಲೇ ಬಂದಿದ್ದೇನೆ. ನಮ್ಮ ಯಜಮಾನರ ಮುಖವನ್ನು ಗುಲಾಬಿ ಹೂವಿನೊಳಗೆ ತಿರುಗಿಸಿದವನೂ ಅವನೇ.

ಪದದ ವಿಷಯ ಬರೆದಿಡಬೇಕು. ಅಮ್ಮನ ಕಡೆಯ ಹೆಂಗಸರಲ್ಲಿ ಮದುವೆಯ ಹಿಂದಿನ ದಿನ ಮಗಳಿಗೆ ನೀರು ಹಾಕುವಾಗ ಹೆತ್ತವಳು ಪದ ಹೇಳಬೇಕು. ಒಂದು ಕೊಡಕ್ಕೆ ಒಂದು ನುಡಿ. ಒಂದು ನುಡಿಗೆ ಒಬ್ಬಳು ಹೆಂಗಸು, ಅವಳು ಹುಟ್ಟಿದ ಊರು, ಆ ಊರಿನ ನೀರು. ಅಮ್ಮನ ಅಜ್ಜಿಯ ಅಜ್ಜಿಯಿಂದ ಹಿಡಿದು ಹೆತ್ತವಳವರೆಗೆ. ತಲೆಮಾರಿಗೆ ಒಂದು ಕೊಡ ಹೆಚ್ಚು. ನನಗೆ ಐದಾಗಿತ್ತು, ನವ್ಯಳಿಗೆ ಆರಾಗಬೇಕು. ಹಾಡುವವಳು ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವಂತಿಲ್ಲ. ಕೊನೆಯ ನುಡಿಯಲ್ಲಿ ಹೆಸರಿನ ಜಾಗ ಬಿಟ್ಟು ನಿಲ್ಲುತ್ತಾಳೆ. ಮದುಮಗಳು ಹೆಸರು ಹೇಳಿದ ಮೇಲೆಯೇ ಕೊನೆಯ ಕೊಡ ಸುರಿಯುವುದು. ನಾನು ಹೇಳಿದ್ದೆ. ನರಸಮ್ಮ ಅಂತ ಗಟ್ಟಿಯಾಗಿ ಹೇಳಿದ್ದು ಚೆನ್ನಾಗಿ ನೆನಪಿದೆ.

ಈಗ ಅಮ್ಮನಿಗೆ ಮಾತಿಲ್ಲ. ನನಗೆ ಗೊತ್ತಿರುವುದು ಕೊನೆಯ ಎರಡು ಹೆಸರು: ಅಜ್ಜಿ ಮುನಿಯಮ್ಮ, ಅಮ್ಮ ನರಸಮ್ಮ. ಮೊದಲಿನ ಮೂವರು ಹೋದಂತೆಯೇ. ಯಾವ ಪುಸ್ತಕದಲ್ಲೂ ಇಲ್ಲ, ಯಾವ ಪಹಣಿಯಲ್ಲೂ ಇಲ್ಲ. ನನ್ನ ಗಂಟಲು ಕಾಗೆಯದು, ನಾನಂತೂ ಹಾಡುವವಳಲ್ಲ. ಆದರೆ ಆ ಪದ ಸಿಗಬೇಕು. ಮದುವೆಯೊಳಗೆ ಸಿಗಲೇಬೇಕು.

ಅಕ್ಟೋಬರ್ 11

ಮಂಗಮ್ಮ ಚಿಕ್ಕಮ್ಮ, ಅಂದರೆ ಅಮ್ಮನ ತಂಗಿ, ಕಾಮಸಮುದ್ರದಿಂದ ಬಂದಿದ್ದಳು. ಎಲೆ ಅಡಿಕೆ ಕೊಟ್ಟು ಕೂರಿಸಿದೆ.

"ಪದ ಏಳಕ್ಕೆ ನಿಮ್ಮಮ್ಮ ಇದ್ಲಲ್ಲ ಅಂತ ನಾನು ಕಲೀಲಿಲ್ಲ ಕಣೇ. ಎಲ್ಡನೇ ಕೊಡ ಬೇತಮಂಗ್ಲದ್ದು, ಬೈರಮ್ಮಂದು. ಅದು ಬತ್ತದೆ."

"ಮೊದಲ್ನೇದು? ಮೂರ್ನೇದು?"

"ಮೂರ್ನೇದು ತೆಲುಗಿನಾಗೆ ಐತೆ. ಆ ಯಮ್ಮ ಗಡಿ ಆಚೆಯೋಳು. ಎಸ್ರು ನಾಲಿಗೆ ಮ್ಯಾಲೇ ಐತೆ, ಬರಲ್ದು. ಮೊದಲ್ನೇದು ಸುತಾರಾಂ ಇಲ್ಲ."

ಎರಡನೇ ನುಡಿ ಹೇಳಿಸಿಕೊಂಡು ಬರೆದುಕೊಂಡೆ:

ಬೇತಮಂಗಲದ ಕೆರೆಯ ನೀರು ತಂದವಳು
ಬೈರಮ್ಮನೆಂಬೋಳು, ಮೀಯೆ ನನ ಮಗಳೆ

ರಾಗ ಕೇಳಿಸು ಅಂದರೆ ಚಿಕ್ಕಮ್ಮ ಕೆಮ್ಮಿದಳು. ಅಮ್ಮ ಮಂಚದ ಮೇಲೆ ಎದ್ದು ಕೂತು ಎಡಗೈಯಲ್ಲಿ ಮಂಚದ ಪಟ್ಟಿ ಬಡಿದಳು. "ಅದು, ಅದು." ಅವಳ ತಲೆಯೊಳಗೆ ಐದೂ ನುಡಿ ಇವೆ, ಹೊರಗೆ ಬರಲು ದಾರಿಯಿಲ್ಲ.

ನಾಳಿದ್ದು ಕೋರಮಂಡಲ್‌ಗೆ ಹೋಗುತ್ತೇನೆ. ಆ ಮುನೀಂದ್ರ ಬದುಕಿದ್ದರೆ ಸರಿ, ಸತ್ತಿದ್ದರೂ ಎಬ್ಬಿಸಿ ಕೇಳುತ್ತೇನೆ.

ಅಕ್ಟೋಬರ್ 13

ಬದುಕಿದ್ದಾನೆ. ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ಗಾಡಿ ಹತ್ತಿ ಕೋರಮಂಡಲ್‌ನಲ್ಲಿ ಇಳಿದು, ಗಣಿಯವರ ಹಳೇ ಮನೆಗಳ ಸಾಲಿನಲ್ಲಿ ಮೂರು ಕಡೆ ಕೇಳಿ ಹುಡುಕಿದೆ. ಅರವತ್ತು ದಾಟಿದೆ, ತಲೆ ಪೂರ್ತಿ ಬೋಳು. ಮುಂದಿನ ಕೋಣೆಯಲ್ಲಿ ಜೆರಾಕ್ಸ್ ಮಿಷನ್, ಹಿಂದಿನ ಕೋಣೆಯಲ್ಲಿ ಗೋಡೆಯುದ್ದಕ್ಕೂ ಕ್ಯಾಸೆಟ್ಟು.

ಹೋದ ತಕ್ಷಣ ಶುರು ಮಾಡಿದೆ. "ನಮ್ಮಮ್ಮನ ಪದದ ಮೇಲೆ ಮಳೆ ಹಾಡು ಹಾಕಿದ್ಯಲ್ಲ, ನಿಂಗೆ ಬುದ್ಧಿ ಬ್ಯಾಡ್ವಾ? ಕೊಡದ ನೀರಿಗೂ ಮಳೆಗೂ ಏನು ಸಂಬಂಧ?"

ಗಲಾಟೆಗೆ ಬಂದವಳನ್ನು ತಮಿಳಿನಲ್ಲಿ ತಂಗಿ ಅಂತ ಕರೆದು ಸ್ಟೂಲಿನ ಮೇಲೆ ಕೂರಿಸಿ ಟೀ ತರಿಸಿದ. "ಮೊದ್ಲು ಕುಡಿ ತಂಗಚ್ಚಿ, ಆಮೇಲೆ ಬೈ. ಬೈಯಕ್ಕೂ ಮೈಯಲ್ಲಿ ತೆಂಬು ಬೇಕು."

ಬೈಯಲು ಹೋದವಳು ಎರಡು ಗಂಟೆ ಅವನ ಪುರಾಣ ಕೇಳಿಕೊಂಡು ಬಂದೆ. ಅವನು ಚಿಕ್ಕವನಾಗಿದ್ದಾಗ ಹಾಡು ಅಂದರೆ ರೇಡಿಯೋ, ಬರೀ ಕಿವಿಯದು. ಹಾಡು ಕಣ್ಣಿಗೆ ಕಾಣಬೇಕೆಂದರೆ ಟೆಂಟಿಗೆ ಹೋಗಿ ಇಡೀ ಸಿನಿಮಾ ನೋಡಬೇಕು. ಆಮೇಲೆ ಟಿವಿಯಲ್ಲಿ ವಾರಕ್ಕೊಂದು ಸಲ ಅರ್ಧ ಗಂಟೆ ಬರೀ ಹಾಡು. ಕಾಲೋನಿಗೆಲ್ಲ ಒಂದೇ ಟಿವಿ, ಬೀದಿ ತುಂಬ ಜನ. ಆಮೇಲೆ ಇವನೇ ಒಂದು ಕೋಣೆಯಲ್ಲಿ ವಿಸಿಆರ್ ಇಟ್ಟುಕೊಂಡು ಮನೆಮನೆಗೆ ವೈರು ಎಳೆದು ಸಂಜೆ ನಾಲ್ಕಕ್ಕೆ ಹಾಡು ಬಿಡುತ್ತಿದ್ದನಂತೆ. ಚೀಟಿ ಬರೆದು ಕಳಿಸಿದರೆ ಕೇಳಿದ ಹಾಡು, ಹಾಡಿಗೆ ಮುಂಚೆ ಚೀಟಿ ಕಳಿಸಿದವರ ಹೆಸರು.

"ಒಂದು ತಮಿಳು, ಒಂದು ತೆಲುಗು, ಒಂದು ಕನ್ನಡ. ಸರದಿ ತಪ್ಪಿದ್ರೆ ವೈರು ಕಟ್ ಮಾಡಿಬಿಡೋರು ನಮ್ಮೋರು!"

ಆ ಹಾಡುಗಳನ್ನು ನಾನೂ ನೋಡಿದ್ದೇನೆ. ಪಿಯುಸಿ ಓದುವಾಗ ಗೆಳತಿ ಶ್ಯಾಮಲಾಳ ಮನೆ ಇದೇ ಸಾಲಿನಲ್ಲಿತ್ತು. ನಾಲ್ಕು ಗಂಟೆ ಆದರೆ ಇಬ್ಬರೂ ಪುಸ್ತಕ ಮುಚ್ಚಿ ಟಿವಿಯ ಮುಂದೆ. ಗಾಳಿಗೆ ಹಾರುವ ಸೆರಗು, ಹಿಂದೆ ಬೆಟ್ಟ. ಅಂಥದ್ದೊಂದು ಹಾಡಿನೊಳಗೆ ಹೋಗಿ ನಿಲ್ಲಬೇಕೆಂದು ಎಷ್ಟು ಆಸೆಯಿತ್ತೋ! ಇದನ್ನು ಅವನಿಗೆ ಹೇಳಲಿಲ್ಲ.

ಜನಕ್ಕೆ ಹಾಡು ನೋಡುವ ಚಾಳಿ ಹತ್ತಿದ ಮೇಲೆ ತಮ್ಮ ಮದುವೆಯೂ ಹಾಡಾಗಬೇಕು ಅಂದರಂತೆ. ಅರಿಶಿನಕ್ಕೆ ಒಂದು, ತಾಳಿಗೆ ಒಂದು, ಹೆಣ್ಣು ಕಳಿಸುವಾಗ ಅಳು ಬರಿಸುವಂಥ ಒಂದು. ಮದುವೆಮನೆಯ ಸದ್ದು ಯಾರಿಗೂ ಬೇಕಿರಲಿಲ್ಲವಂತೆ. ಆಮೇಲೆ ವಿಸಿಡಿ, ಆಮೇಲೆ ಪೆನ್‌ಡ್ರೈವು, ಈಗ ಫೋನು.

"ಇವಾಗ ಒಂದು ಹಾಡು ಮೂವತ್ತು ಸೆಕೆಂಡು. ಬೆರಳಲ್ಲಿ ತಳ್ಳಿದ್ರೆ ಇನ್ನೊಂದು. ನನ್ನ ಕೆಲಸ ಜೆರಾಕ್ಸು."

"ಅದೆಲ್ಲ ಇರ್ಲಿ. ನಮ್ಮಮ್ಮನ ಸದ್ದು ಎಲ್ಲಿ?"

ತಲೆ ಆಡಿಸಿದ. "ಇಲ್ಲ ತಂಗಚ್ಚಿ. ಹಾಡು ಹಾಕಿದ್ಮೇಲೆ ಕೆಳಗಿನ ಸದ್ದು ಅಳಿಸ್ಹೋಗ್ತದೆ. ಅವತ್ತೇ ಹೋಯ್ತು."

"ಹುಡುಕ್ದೇನೇ ಹೆಂಗೆ ಹೇಳ್ತೀಯ? ಮೊದ್ಲು ಕ್ಯಾಸೆಟ್ಟು ಹುಡುಕು. ಹುಡುಕೋವರ್ಗೂ ನಾನು ಬತ್ತಾನೇ ಇರ್ತೀನಿ," ಅಂದು ಎದ್ದು ಬಂದೆ.

ಅಕ್ಟೋಬರ್ 17

ಎರಡನೇ ಸಲ ಹೋದೆ. ಹುಡುಕಿಲ್ಲ. ಜೆರಾಕ್ಸ್‌ಗೆ ಜನ ನಿಂತಿದ್ದಾರೆ ಎಂದು ನೆಪ ಹೇಳಿದ. ನಾನೇ ಸೀರೆ ಸೊಂಟಕ್ಕೆ ಸಿಕ್ಕಿಸಿ ಗೋಡೆಯ ಕೆಳಗಿನ ಎರಡು ಸಾಲು ಕ್ಯಾಸೆಟ್ಟು ಒರೆಸಿ ಹೆಸರು ಓದಿದೆ. ಮೂಗು ತುಂಬ ಧೂಳು. ನಮ್ಮದಿಲ್ಲ. ಇನ್ನೂ ಆರು ಸಾಲಿವೆ.

ಅಕ್ಟೋಬರ್ 24

ದೀಪಾವಳಿ ಮುಗಿದ ಮೇಲೆ ಇವತ್ತು ಮತ್ತೆ ಹೋದೆ. ಸಿಕ್ಕಿತು! ಐದನೇ ಸಾಲಿನಲ್ಲಿ, "ಇಂದ್ರಾಣಿ ಕದಿರಪ್ಪ 1998" ಎಂದು ನನ್ನ, ನಮ್ಮ ಯಜಮಾನರ ಹೆಸರು, ಇಂಕು ಹರಡಿದ ಅಕ್ಷರ. ತೆರೆದರೆ ಟೇಪಿನ ಮೇಲೆ ಬಿಳಿ ಬೂಸು. ನನ್ನ ಮುಖ ಬಾಡಿದ್ದು ನೋಡಿ ಪಾಪ ಅನ್ನಿಸಿತೋ ಏನೋ, ಮುನೀಂದ್ರಣ್ಣ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಇರು ತಂಗಚ್ಚಿ. ಇದು ಕಾಪಿ ಅಲ್ಲ, ಕ್ಯಾಮೆರಾದ ಮೂಲ ಟೇಪು. ಆವಾಗ ಹೊಸದಾಗಿ ಹೈಫೈ ಕ್ಯಾಮೆರಾ ತಂದಿದ್ದೆ. ಅದು ಎರಡು ಕಡೆ ಸದ್ದು ಬರೀತಿತ್ತು: ಟೇಪಿನ ಅಂಚಲ್ಲಿ ಒಂದು, ಚಿತ್ರದ ಜೊತೆಗೇ ಸೇರಿಸಿ ಇನ್ನೊಂದು. ನಾನು ಹಾಡು ಹಾಕ್ತಿದ್ದದ್ದು ಅಂಚಿನ ಮೇಲೆ."

"ಹಂಗಂದ್ರೆ?"

"ಹಂಗಂದ್ರೆ ಚಿತ್ರದ ಜೊತೆಗಿರೋದು ಅಳಿಸಿರಲ್ಲ. ಎಷ್ಟೋ ವರ್ಷ ಮಿಷನ್‌ನಲ್ಲಿ ಒಂದು ಗುಂಡಿ ತಿರುಗಿಸಿದ್ರೆ ಸಾಕಿತ್ತು, ಯಾರೂ ಕೇಳಲಿಲ್ಲ, ನಾನೂ ಮರೆತೆ. ಆದ್ರೆ ಆ ಥರ ಮಿಷನ್ ನಂದು ಕೆಟ್ಟು ಹತ್ತು ವರ್ಷ. ಬೆಲ್ಟು ಹೋಗಿದೆ."

"ರಿಪೇರಿ ಮಾಡು."

"ಬೆಲ್ಟು ಸಿಗಲ್ಲ ಈಗ."

"ನಿನ್ನ ಕೈಲಿ ಗುಲಾಬಿಯೊಳಗೆ ನಮ್ಮನೆಯವರ ಮುಖ ತಿರುಗಿಸಕ್ಕಾಯ್ತು, ಒಂದು ಬೆಲ್ಟು ತಿರುಗಿಸಕ್ಕಾಗಲ್ವಾ?"

ಜೋರಾಗಿ ನಕ್ಕುಬಿಟ್ಟ. ಮಾಡುತ್ತಾನೆ, ನನಗೆ ಗೊತ್ತು.

ಸಂಜೆ ಹಾಲು ಹಾಕಲು ಹೋದಾಗ ಸೊಸೈಟಿಯ ಮುನಿನಾರಾಯಣಪ್ಪ, "ಏನಕ್ಕಾ, ದಾರಿಯುದ್ದಕ್ಕೂ ಪದ ಏಳ್ಕಂಡು ಬತ್ತಿದ್ದೀಯ?" ಅಂದ. ನಾನೆಲ್ಲಿ ಹೇಳಿದೆ? ಎಮ್ಮೆ ಕೂಗಿರಬೇಕು ಅಂದೆ.

ನವೆಂಬರ್ 4

ಸಿಕ್ಕಿತು. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಬೆಲ್ಟು ಯಾವುದೋ ಹಳೇ ಟೇಪ್‌ರೆಕಾರ್ಡರಿನದು ಕತ್ತರಿಸಿ ಕೂರಿಸಿದ್ದ. ಬೂಸನ್ನು ಬಟ್ಟೆಯಲ್ಲಿ ಮೊಳಮೊಳ ಒರೆಸಿದ್ದನಂತೆ, ನಾಲ್ಕು ದಿನ. ಮೊದಲು ಅದೇ ಮಳೆ ಹಾಡು ಬಂತು. ಗುಂಡಿ ತಿರುಗಿಸಿದ. ಮಳೆ ನಿಂತಿತು. ಗೊರಗೊರ ಸದ್ದು, ಪಾತ್ರೆ, ಯಾವುದೋ ಕೂಸಿನ ಅಳು, "ತೆಂಗಿನಕಾಯಿ ಎಲ್ಲಿಕ್ಕಿದ್ರಿ?" ಎಂದು ನಮ್ಮ ತೀರಿಹೋದ ಅಪ್ಪನ ಧ್ವನಿ. ಆಮೇಲೆ ಅಮ್ಮ.

ವೀಕೋಟೆ ಕಲ್ಯಾಣಿ ನೀರು ತಂದವಳು
ಪಾಪಕ್ಕನೆಂಬೋಳು, ಮೀಯೆ ನನ ಮಗಳೆ

ಎಷ್ಟು ಚೆನ್ನಾಗಿ ಹಾಡುತ್ತಾಳೆ! ಅಮ್ಮನದು ಗೊಗ್ಗರು ಗಂಟಲು ಎಂದುಕೊಂಡಿದ್ದೆನಲ್ಲ, ನನ್ನ ಕಿವಿಗೆ ಏನಾಗಿತ್ತು? ಎರಡನೆಯದು ಬೈರಮ್ಮ. ಮೂರನೆಯದು ತೆಲುಗು, ಅರ್ಥ ಅದೇ, ಚೆರುವು ಅಂದರೆ ಕೆರೆ:

ಗುಡುಪಲ್ಲಿ ಚೆರುವುಲೋ ನೀಳ್ಳು ತೆಚ್ಚಿಂದಿ
ಗಂಗುಲಮ್ಮ ಅನೇದಿ, ಪೋಸ್ಕೋವೇ ಕೂತುರಾ

ನಾಲ್ಕನೆಯದು ಅಜ್ಜಿ ಮುನಿಯಮ್ಮ. ಎಲ್ಲ ಬರೆದುಕೊಂಡೆ. ಐದನೆಯ ಕೊಡಕ್ಕೆ "ತಾಯಲೂರು ಸೇದುಬಾವಿ ನೀರು ತಂದವಳು" ಎಂದು ಹಾಡಿ ಅಮ್ಮ ನಿಂತಳು. ಹೆಸರು ನಾನು ಹೇಳಬೇಕು. ಬಳೆ ಸದ್ದು ಮಾತ್ರ ಕೇಳುತ್ತದೆ. ಅಮ್ಮ ಅದೇ ಸಾಲನ್ನು ಇನ್ನೊಂದು ಸಲ ಹಾಡಿ ಮತ್ತೆ ಕಾದಳು.

ಆಗ ನನ್ನ ಧ್ವನಿ. "ಅಣ್ಣಾ, ಇದೆಲ್ಲಾ ಬ್ಯಾಡ. ಇದರ ಮ್ಯಾಲೆ ಯಾವುದಾನಾ ಸಿನಿಮಾ ಹಾಡು ಹಾಕ್ಬುಡಿ. ಗಂಡಿನ ಕಡೆಯೋರು ನಗ್ತಾರೆ."

"ಮಳೆ ಹಾಡೈತೆ, ಹಾಕ್ಲಾ?" ಮುನೀಂದ್ರಣ್ಣ.

"ಹೂಂ, ಅದೇ ಹಾಕಿ." ನಾನು.

ಆಮೇಲೆ ಅಮ್ಮ, "ಆಯ್ತು, ಏಳು ಮಗ, ನೀರು ಆರೋಯ್ತದೆ."

ನೀರು ಸುರಿದ ಸದ್ದು. ಹೆಸರಿಲ್ಲದೆಯೇ ಐದನೇ ಕೊಡ ಸುರಿದಳು ನನ್ನಮ್ಮ.

ಮುನೀಂದ್ರಣ್ಣ ನನ್ನ ಮುಖ ನೋಡದೆ ಮಿಷನ್ನು ನೋಡುತ್ತಾ, "ನಂಗೂ ನೆನಪಿರಲಿಲ್ಲ ತಂಗಚ್ಚಿ. ಆವಾಗ ಎಲ್ಲಾ ಹೆಣ್ಮಕ್ಕಳೂ ಅದನ್ನೇ ಕೇಳೋರು. ನೀನೊಬ್ಳೇ ಅಲ್ಲ," ಅಂದ. ಸಮಾಧಾನ ಹೇಳಿದನೋ ಏನೋ. ನನಗೆ ಸಮಾಧಾನ ಆಗಲಿಲ್ಲ. ಇಪ್ಪತ್ತೇಳು ವರ್ಷ ನಾನು ಇವನನ್ನು ಬೈಯುವಾಗೆಲ್ಲ ಅಮ್ಮ ಪಕ್ಕದಲ್ಲೇ ಕೂತು ರಾಗಿ ಕೇರುತ್ತಿದ್ದಳು. ಅವನ ತಪ್ಪಲ್ಲ ಕಣೇ, ನಿಂದು ಅಂತ ಒಂದು ದಿನವೂ ಅನ್ನಲಿಲ್ಲ. ಗಟ್ಟಿಯಾಗಿ ಹೆಸರು ಹೇಳಿದ್ದೆ ಎಂದು ಹಿಂದಿನ ಪುಟದಲ್ಲಿ ಬರೆದಿದ್ದೇನೆ. ಅದನ್ನು ಹೊಡೆದುಹಾಕುವುದಿಲ್ಲ, ಹಾಗೇ ಇರಲಿ, ಕಣ್ಣಿಗೆ ಬೀಳುತ್ತಿರಲಿ.

ನವೆಂಬರ್ 5

ಅಮ್ಮ: ಮಾತ್ರೆ ಮೂರು. ಮಾತು: ಅದು.

ನವೆಂಬರ್ 10

ಮುನೀಂದ್ರಣ್ಣ ಫೋನಿಗೆ ಎರಡು ತುಂಡು ಹಾಕಿಕೊಟ್ಟಿದ್ದಾನೆ. ಒಂದು ಪೂರ್ತಿ. ಇನ್ನೊಂದರಲ್ಲಿ ನನ್ನ ಮಾತು ಕತ್ತರಿಸಿದೆ. ನಾನೇ ಕೇಳಿ ಮಾಡಿಸಿದ್ದು. "ನಿಮ್ಮಮ್ಮಂಗೆ ಇದನ್ನೇ ಕೇಳ್ಸು, ಯಾರಿಗೂ ಗೊತ್ತಾಗಲ್ಲ," ಅಂದ. ಗೊತ್ತಾಗುವುದಿಲ್ಲವಂತೆ! ಅಮ್ಮ ಅಲ್ಲೇ ನಿಂತಿದ್ದಳಲ್ಲ.

ಎರಡನ್ನೂ ಇನ್ನೂ ಕೇಳಿಸಿಲ್ಲ. ಕೊಟ್ಟಿಗೆಯಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ನಾನೇ ಕೇಳುತ್ತಿದ್ದೇನೆ. ಗಂಗುಲಮ್ಮನ ನುಡಿಯಲ್ಲಿ ರಾಗ ಒಂದು ಕಡೆ ಮೇಲೆ ಹೋಗುತ್ತದೆ, ಅಲ್ಲಿ ಉಸಿರು ಸಾಲುತ್ತಿಲ್ಲ. ಇವತ್ತು ಎಂಟು ಸಲ ಮಾಡಿದೆ. ನಾಳೆ ಮತ್ತೆ ಮಾಡಬೇಕು. ಹಾಡುವುದಕ್ಕಲ್ಲ, ಯಾರಿಗಾದರೂ ಹೇಳಿಕೊಡಬೇಕಲ್ಲ, ಅದಕ್ಕೆ.

ಆರನೆಯ ನುಡಿ ನನ್ನದು, ಹೊಸದಾಗಿ ಕಟ್ಟಬೇಕು. ನಾನು ಹುಟ್ಟಿದ್ದು ಬೂದಿಕೋಟೆಯಲ್ಲಿ. ಅಲ್ಲಿ ನಾನು ನೀರು ಹೊತ್ತದ್ದು ಬೋರಿಂಗಿನಿಂದ. ಕಲ್ಯಾಣಿ, ಕೆರೆ, ಚೆರುವು, ಸೇದುಬಾವಿ, ಇವುಗಳ ಹಿಂದೆ ಬೋರಿಂಗು! ಹಾಕಿದೆ. ಸುಳ್ಳು ಹೇಳಲಾಗುತ್ತದೆಯೇ? ಇನ್ನೊಂದು ತಲೆಮಾರಿಗೆ ಟ್ಯಾಂಕರು ಬರುತ್ತದೆ.

ನವೆಂಬರ್ 16, ಭಾನುವಾರ

ವಿಡಿಯೋ ತಂಡದ ಸುಮಿತಾ ಎಂಬ ಹುಡುಗಿ ಮನೆ ನೋಡಲು ಬಂದಿದ್ದಳು. ಚುರುಕು ಹುಡುಗಿ. ಅಂಗಳ, ಬೆಳಕು, ಕೊಡ ಇಡುವ ಜಾಗ ಎಲ್ಲ ನೋಡಿದಳು. ನೀರು ಸುರಿಯುವುದನ್ನು ನಿಧಾನಕ್ಕೆ ಓಡಿಸಿ ಮೇಲೊಂದು ಹಾಡು ಹಾಕುತ್ತಾರಂತೆ. "ಆಂಟಿ, ನೀವು ಸುಮ್ನೆ ಬಾಯಿ ಆಡಿಸಿದ್ರೆ ಸಾಕು. ಸೌಂಡ್ ನಾವು ನೋಡ್ಕೋತೀವಿ."

"ಇಡೀ ಮದುವೆ ಮೇಲೆ ನಿಮ್ಮ ಹಾಡು ಹಾಕ್ಕೊಳ್ಳಮ್ಮ, ನಾನು ಬ್ಯಾಡ ಅನ್ನಲ್ಲ. ಆರು ಕೊಡ ನೀರು ಮಾತ್ರ ನಮ್ಮದು. ಅದರ ಮೇಲೆ ಏನೂ ಹಾಕಂಗಿಲ್ಲ."

ಸುಮಿತಾ ಒಪ್ಪಿದಳು. ನವ್ಯಳ ಮುಖ ಊದಿಕೊಂಡಿತು. ಸುಮಿತಾ ಹೋದ ಮೇಲೆ ನನ್ನ ಮೇಲೆ ಎಗರಿಬಿದ್ದಳು.

"ಎರಡು ತಿಂಗಳಿಂದ ಆ ಹಾಡು ಹುಡುಕಿಟ್ಟಿದ್ದೆ ನಾನು. ಈ ಪದ ಗಿದ ಯಾರಿಗೆ ಅರ್ಥ ಆಗ್ತದಮ್ಮ? ಬಾಲಾಜಿ ಮನೆಯೋರು ನಗ್ತಾರೆ."

ಆ ಮಾತು ಕೇಳಿ ನನ್ನ ಕೈಯಲ್ಲಿದ್ದ ಚೊಂಬು ಜಾರಿತು. ಹಳೆಯ ಇಂದ್ರಾಣಿಯಾಗಿದ್ದರೆ ಎರಡು ಬಿಗಿದಿರುತ್ತಿದ್ದೆ. ಯಾವ ಬಾಯಲ್ಲಿ ಬೈಯಲಿ? "ನೀರು ನಾನು ಹಾಕ್ತೀನಿ, ಪದ ನಾನು ಹೇಳ್ತೀನಿ. ಕೊನೆಗೆ ಹೆಸರು ಹೇಳೋದು ನಿಂಗೆ ಬಿಟ್ಟದ್ದು," ಅಂದೆ. ನಾನು ಹೇಳುತ್ತೇನೆ ಅಂತ ಅಂದುಬಿಟ್ಟಿದ್ದೇನೆ. ಕೋಪದಲ್ಲಿ ಬಂದ ಮಾತು. ಅಂದ ಮೇಲೆ ಮುಗಿಯಿತು.

ನವೆಂಬರ್ 21

ಇನ್ನು ತಡೆದುಕೊಳ್ಳಲು ಆಗಲಿಲ್ಲ. ಮಧ್ಯಾಹ್ನ ಅಮ್ಮನಿಗೆ ಎಳ್ಳೆಣ್ಣೆ ತಿಕ್ಕಿ ಅಂಗಳದ ಬಿಸಿಲಿಗೆ ಕೂರಿಸಿದೆ. ಕತ್ತರಿಸಿದ ತುಂಡನ್ನು ಅಳಿಸಿಹಾಕಿದೆ, ಮತ್ತೆ ಮನಸ್ಸು ಬದಲಾಗದಿರಲಿ ಎಂದು. ಪೂರ್ತಿಯದನ್ನು ಹಾಕಿ ಫೋನು ಅವಳ ಮಡಿಲಲ್ಲಿಟ್ಟೆ.

ಪಾಪಕ್ಕ ಬಂದಳು. ಅಮ್ಮ ನೆಟ್ಟಗೆ ಕೂತಳು. ಬೈರಮ್ಮ. ಗಂಗುಲಮ್ಮ. ಅಮ್ಮನ ಎಡಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಮುನಿಯಮ್ಮ. ಆಮೇಲೆ ತಾಯಲೂರು ಸೇದುಬಾವಿ. ಫೋನಿನೊಳಗಿನ ಅಮ್ಮ ನಿಂತಳು. ಅವಳು ಎರಡನೇ ಸಲ ಹಾಡಿ ಮತ್ತೆ ಕಾದಳು.

"ನರಸಮ್ಮ," ಅಂದೆ.

ಹೇಳಿದೆ. ಇಪ್ಪತ್ತೇಳು ವರ್ಷ ತಡವಾಗಿ ಹೇಳಿದೆ. ಹೇಳಿದ ಮೇಲೂ ಟೇಪು ನಿಲ್ಲುವುದಿಲ್ಲವಲ್ಲ, ಆ ಹುಡುಗಿ "ಇದೆಲ್ಲಾ ಬ್ಯಾಡ" ಅಂದೇ ಅಂದಳು. ನಾನು ತಲೆ ತಗ್ಗಿಸಿ ಕೂತೆ. "ಆಯ್ತು, ಏಳು ಮಗ," ಎಂದು ಫೋನಿನೊಳಗಿನ ಅಮ್ಮ ಅಂದಳು.

ನನ್ನೆದುರು ಕೂತ ಅಮ್ಮ ಎಡಗೈ ಎತ್ತಿ ನನ್ನ ನೆತ್ತಿಗೆ ಬೆರಳಿನ ಗೆಣ್ಣಿನಿಂದ ಟೊಣ್ ಎಂದು ಮೊಟಕಿದಳು. ಚಿಕ್ಕಂದಿನಲ್ಲಿ ಹಾಲು ಚೆಲ್ಲಿದರೆ ಮೊಟಕುತ್ತಿದ್ದ ಹಾಗೆ. ಆಮೇಲೆ ನಕ್ಕಳು. ಒಂದು ಕಡೆಯ ತುಟಿ ಮಾತ್ರ ನಗುತ್ತದೆ ಈಗ. "ಅದು," ಅಂದಳು. ಆರೇಳು ತಿಂಗಳಲ್ಲಿ ಮೊದಲ ಸಲ, ಅದು ಅಂದರೆ ಏನೆಂದು ನಾನು ಕೇಳಬೇಕಾಗಲಿಲ್ಲ. ಅವಳ ಮಡಿಲಲ್ಲಿ ಮುಖ ಇಟ್ಟು ಚೆನ್ನಾಗಿ ಅತ್ತೆ.

ತಲೆ ಎತ್ತಿದರೆ ಬಾಗಿಲಲ್ಲಿ ನವ್ಯ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಳೋ ಗೊತ್ತಿಲ್ಲ. ಹಾಗೇ ಒಳಗೆ ಹೋದಳು.

ನವೆಂಬರ್ 27

ಚಪ್ಪರ ಆಯಿತು. ನೆಂಟರು ಬರುತ್ತಿದ್ದಾರೆ. ಮಂಗಮ್ಮ ಚಿಕ್ಕಮ್ಮ ಎಲ್ಲರಿಗೂ "ಪದ ಇಂದ್ರಾಣಿ ಏಳ್ತಾಳೆ" ಎಂದು ಟಾಂ ಟಾಂ ಮಾಡಿದ್ದಾಳೆ. ಮುನೀಂದ್ರಣ್ಣನಿಗೂ ಪತ್ರಿಕೆ ಕೊಟ್ಟು ಬಂದೆ.

ನವೆಂಬರ್ 29, ಶನಿವಾರ

ಬೆಳಿಗ್ಗೆ ಎಂಟಕ್ಕೆ ನೀರಿನ ಶಾಸ್ತ್ರ. ಕೊಳಾಯಿ ಕೈಕೊಟ್ಟಿತ್ತು, ಆರೂ ಕೊಡ ಟ್ಯಾಂಕರಿನ ನೀರೇ. ಬಾಲಾಜಿ ಮನೆಯವರು ಒಂದು ಸಾಲು ಕುರ್ಚಿ ತುಂಬ ಕೂತಿದ್ದರು. ಅಮ್ಮನಿಗೆ ಹೊಸ ಸೀರೆ ಉಡಿಸಿ ನವ್ಯಳ ಮಣೆಯ ಪಕ್ಕದಲ್ಲೇ ಕೂರಿಸಿದ್ದೆವು. ಸುಮಿತಾ ಕ್ಯಾಮೆರಾ ಹಿಡಿದು ನಿಂತಳು. ಹಿಂದಿನ ಕುರ್ಚಿಯಿಂದ ಮುನೀಂದ್ರಣ್ಣ, "ಮೈಕು ಹತ್ರ ಇಡಮ್ಮ, ರವಿಕೆಯೊಳಗೆ ಅಲ್ಲ, ಸೆರಗಿಗೆ," ಎಂದು ಅವಳಿಗೆ ಹೇಳಿಕೊಡುತ್ತಿದ್ದ.

ಮೊದಲ ಕೊಡ ಎತ್ತಿ ಪಾಪಕ್ಕನ ನುಡಿ ಹೇಳಿದೆ. ಗಂಗುಲಮ್ಮನ ಮೇಲಿನ ರಾಗಕ್ಕೆ ಉಸಿರು ಸಾಕಾಯಿತು. ಐದನೆಯದಕ್ಕೆ "ನರಸಮ್ಮನೆಂಬೋಳು" ಎಂದು ನಾನೇ ಹಾಡಬೇಕಿತ್ತು, ಹಾಡಿದೆ, ಅಮ್ಮನ ಮುಖ ನೋಡಿಕೊಂಡೇ ಹಾಡಿದೆ.

ಆರನೆಯದು. "ಬೂದಿಕೋಟೆ ಬೋರಿಂಗಿನ ನೀರು ತಂದವಳು." ಯಾರೋ ಕಿಸಕ್ಕೆಂದರು. ನಾನು ನಿಂತೆ. ಕೊಡ ಭಾರವಾಗಿತ್ತು. ನವ್ಯ ತಲೆ ತಗ್ಗಿಸಿಕೊಂಡಿದ್ದಳು, ಅರಿಶಿನದ ಕೆನ್ನೆ ಕಾಣುತ್ತಿತ್ತು, ಬಾಯಿ ಕಾಣುತ್ತಿರಲಿಲ್ಲ. ಕುರ್ಚಿಯ ಸಾಲಿನಲ್ಲಿ ಇನ್ನೊಂದು ನಗು. ನನಗೆ ಗೊತ್ತಿರುವ ದಾರಿ ಒಂದೇ. ಅದೇ ಸಾಲನ್ನು ಇನ್ನೊಂದು ಸಲ ಹಾಡಿ ಕಾದೆ. ಹೇಳದಿದ್ದರೂ ಸುರಿಯುತ್ತೇನೆ, ನೀರು ಆರಿಹೋಗುತ್ತದೆ ಏಳು ಅನ್ನುತ್ತೇನೆ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ನವ್ಯ ತಲೆ ಎತ್ತಿದಳು. ನನ್ನನ್ನಲ್ಲ, ಕುರ್ಚಿಯ ಸಾಲನ್ನು ನೇರ ನೋಡಿದಳು.

"ಇಂದ್ರಾಣಿ," ಅಂದಳು. ಬೀದಿಗೆ ಕೇಳುವ ಹಾಗೆ.

ಹೇಗೆ ಸುರಿದೆನೋ ಗೊತ್ತಿಲ್ಲ, ಅರ್ಧ ನೀರು ನನ್ನ ಮೇಲೇ ಬಿತ್ತು. ಹೆಂಗಸರೆಲ್ಲ ಕೇಕೆ ಹಾಕುತ್ತಿದ್ದರು. ಆ ಗದ್ದಲದಲ್ಲಿ ಮಣೆಯ ಪಕ್ಕದಿಂದ ಇನ್ನೊಂದು ಸದ್ದು ಬಂತು. ಯಾರೂ ಗಮನಿಸಲಿಲ್ಲ. ನಾನು ಕೇಳಿದೆ, ನವ್ಯ ಕೇಳಿದಳು, ಆಮೇಲೆ ಸುಮಿತಾ ಕಿವಿಯ ವೈರು ಬಿಚ್ಚಿ, "ಆಂಟಿ, ಅಜ್ಜಿ ಏನೋ ಹೇಳಿದ್ರು, ರೆಕಾರ್ಡ್ ಆಗಿದೆ," ಅಂದಳು.

ಹಾಲು ಬೆಳಿಗ್ಗೆ ಆರೂವರೆ ಲೀಟರು. ಮಾತ್ರೆ ಮೂರು. ಡಾಕ್ಟರಿಗೆ ತೋರಿಸಲು: ಅಮ್ಮ ಇವತ್ತು ಆಡಿದ ಹೊಸ ಮಾತು ಒಂದು. ಇಂದ್ರಾಣಿ.